ಎಳೆಯರ ತೀರ್ಪು

ಸಾಹಿತ್ಯ ವಿಮರ್ಶೆಯ ಮೊದಲ ಪಾಠವನ್ನು ನಾನು ಕಲಿತದ್ದು ಕೈಯಲ್ಲಿ ಒಂದು ರಬ್ಬರಿನ ತುಂಡನ್ನು ಹಿಡಿದು ಎಂದರೆ ವಾಚಕರು ನಗಬಹುದು. ಆದರೆ ಸಂಗತಿ ನಡೆದದ್ದು ಹಾಗೆಯೇ. 1994ನೆಯ ಇಸವಿಯ ಬೇಸಗೆ ರಜೆ. ನನಗಾಗ 14 ವರ್ಷ. ನಮ್ಮ ತಾಲ್ಲೂಕು ಕೇಂದ್ರದ ಪುಸ್ತಕ ಭಂಡಾರವೆಂದರೆ ಎರಡು ಕೋಣೆ, ನಾಲ್ಕು ಬೆಂಚು, ತಿರುಗುವುದಕ್ಕಿಂತ ಹೆಚ್ಚಾಗಿ ಗೊಣಗುತ್ತಿದ್ದ ಒಂದು ಫ್ಯಾನು. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ಕುಳಿತು ಕಾದಂಬರಿ ಓದುವುದಕ್ಕೆ ಅದಕ್ಕಿಂತ ಪ್ರಶಸ್ತವಾದ ಸ್ಥಳ ನಮ್ಮೂರಿನಲ್ಲಿರಲಿಲ್ಲ.

ತ್ರಿವೇಣಿಯವರ ‘ಶರಪಂಜರ’ ನನ್ನ ಕೈಗೆ ಸಿಕ್ಕಿದ್ದು ಆ ರಜೆಯಲ್ಲಿ. ನೂರಾರು ಕೈ ದಾಟಿ ಬಂದಿದ್ದ ಪ್ರತಿ. ಪುಟದ ಅಂಚುಗಳಲ್ಲೆಲ್ಲ ಹಿಂದೆ ಓದಿದವರು ಪೆನ್ಸಿಲಿನಿಂದ ಏನೇನೋ ಬರೆದಿದ್ದರು. ಆಸ್ಪತ್ರೆಗೆ ಸೇರಬೇಕಾದವನು ಗಂಡನೇ ಹೊರತು ಕಾವೇರಿಯಲ್ಲವೆಂದು ಒಬ್ಬರು. ಅದು ಸರಿ ಎಂದು ಅದರ ಕೆಳಗೆ ಇನ್ನೊಬ್ಬರು. ರಾತ್ರಿ ಹೊತ್ತು ಓದಬೇಡಿ, ನಿದ್ದೆ ಬರುವುದಿಲ್ಲ ಎಂದು ಎಚ್ಚರಿಕೆ ಕೊಟ್ಟವರು ಮತ್ತೊಬ್ಬರು. ಅಕ್ಷರದ ದುಂಡು ನೋಡಿದರೆ ಹೆಚ್ಚಿನವರು ನನ್ನ ವಯಸ್ಸಿನವರೇ ಇದ್ದಿರಬೇಕು. ನಾನೂ ಒಂದು ಸಾಲು ಸೇರಿಸಿದೆ. ಭಂಡಾರಿಗಳ ಕಣ್ಣಿಗೆ ಬಿದ್ದೆ.

ಅವರು ಹೊಡೆಯಲಿಲ್ಲ, ದಂಡ ಹಾಕಲಿಲ್ಲ. ಒಂದು ರಬ್ಬರನ್ನು ಕೊಟ್ಟು, ಕಾದಂಬರಿಗಳ ಬೀರುವಿನ ಮುಂದೆ ಕೂರಿಸಿ, ಎಲ್ಲ ಪುಸ್ತಕಗಳಿಂದಲೂ ಪೆನ್ಸಿಲಿನ ಗುರುತನ್ನು ಅಳಿಸು ಎಂದರು. ಮೂರು ದಿನ ಅಳಿಸಿದೆ. ಅಳಿಸಬೇಕಾದರೆ ಓದಬೇಕಷ್ಟೆ. ಹೀಗೆ ನಮ್ಮೂರಿನ ಎಳೆಯ ಓದುಗರು ಇಪ್ಪತ್ತು ವರ್ಷ ಕೂಡಿಟ್ಟಿದ್ದ ವಿಮರ್ಶೆಯನ್ನೆಲ್ಲ ಓದಿದ ಕೊನೆಯ ಮನುಷ್ಯ ನಾನಾದೆ. ಅದನ್ನು ನಾಶಮಾಡಿದವನೂ ನಾನೇ. ಒಂದು ಕಾದಂಬರಿಯ ಕೊನೆಯ ಹಾಳೆ ಹರಿದುಹೋಗಿತ್ತು. ಯಾರೋ ಪುಣ್ಯಾತ್ಮರು ಕಥೆ ಹೇಗೆ ಮುಗಿಯಿತೆಂಬುದನ್ನು ರಟ್ಟಿನ ಒಳಮೈಯ ಮೇಲೆ ಆರೇಳು ಸಾಲಿನಲ್ಲಿ ಬರೆದು, ಮುಗಿಸಿದ ರೀತಿ ತಮಗೆ ಒಪ್ಪಿಗೆಯಾಗಲಿಲ್ಲವೆಂದು ಷರಾ ಹಾಕಿದ್ದರು. ಅದನ್ನೂ ಅಳಿಸಿದೆ.

ಈ ಹಳೆಯ ಕಥೆ ಈಗ ನೆನಪಿಗೆ ಬರಲು ಕಾರಣವುಂಟು. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಬೇಸಗೆ ರಜೆಯಲ್ಲಿ ಹುಡುಗರಿಗಾಗಿ ನಡೆಸಿಕೊಂಡು ಬಂದಿರುವ ಓದಿನ ಯೋಜನೆಗಳ ಚರಿತ್ರೆಯನ್ನು ಈಚೆಗೆ ಓದುತ್ತಿದ್ದೆ. ಆ ಚರಿತ್ರೆಯ ಉದ್ದಕ್ಕೂ ನನಗೆ ಕಂಡದ್ದು ರಬ್ಬರಿಗೂ ಪೆನ್ಸಿಲಿಗೂ ನಡೆದ ಜಗಳವೇ. ಹುಡುಗರು ಓದಲಿ ಎಂಬ ವಿಷಯದಲ್ಲಿ ಅಲ್ಲಿಯ ಹಿರಿಯರಿಗೆ ಬಹುಬೇಗ ಒಮ್ಮತ ಬಂತು. ಓದಿದ ಮೇಲೆ ಅವರಿಗೆ ಏನನ್ನಿಸಿತೆಂದು ಕೇಳಬೇಕೆಂಬ ಬುದ್ಧಿ ಬರಲು ಮಾತ್ರ ಇನ್ನೂ 40-50 ವರ್ಷ ಬೇಕಾಯಿತು.

1876ರಲ್ಲಿ ಫಿಲಡೆಲ್ಫಿಯ ನಗರದಲ್ಲಿ 103 ಮಂದಿ ಸೇರಿ ಅಮೆರಿಕನ್ ಗ್ರಂಥಾಲಯ ಸಂಘವನ್ನು ಸ್ಥಾಪಿಸಿದರು; ಅವರಲ್ಲಿ ಹೆಂಗಸರು 13. ಆ ಕಾಲದ ಗ್ರಂಥಪಾಲಕರ ಮುಂದಿದ್ದ ದೊಡ್ಡ ಪ್ರಶ್ನೆ ‘ಕಾದಂಬರಿ ಪ್ರಶ್ನೆ’. ಜನರ ತೆರಿಗೆಯ ಹಣದಲ್ಲಿ ಕಟ್ಟುಕಥೆಗಳನ್ನು ಕೊಂಡು ಎಳೆಯರ ಕೈಗೆ ಕೊಡಬಹುದೆ? ಅದೇ ಫಿಲಡೆಲ್ಫಿಯಕ್ಕೆ ಸೇರಿದ ಜರ್ಮನ್‌ಟೌನಿನಲ್ಲಿ ಕ್ವೇಕರ್ ಪಂಥದವರ ಒಂದು ಉಚಿತ ಗ್ರಂಥಾಲಯವಿತ್ತು. ಅದರ ಪಾಲಕ ವಿಲಿಯಂ ಕೈಟ್ ಎಂಬಾತ ತನ್ನ ಭಂಡಾರದಲ್ಲಿ ಕಾದಂಬರಿಗೆ ಪ್ರವೇಶವೇ ಇಲ್ಲವೆಂದು ಹೆಮ್ಮೆಯಿಂದ ಬರೆದುಕೊಂಡ. 1885ರಲ್ಲಿ ಮೆಸಾಚುಸೆಟ್ಸಿನ ಕಾಂಕರ್ಡ್ ಪಟ್ಟಣದ ಗ್ರಂಥಾಲಯ ಸಮಿತಿ ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ ಕಾದಂಬರಿಯನ್ನು ಒರಟು ಪುಸ್ತಕವೆಂದು ಹೊರಗೆ ಹಾಕಿತು. ಎಮರ್ಸನ್ನನೂ ಥೋರೊ ಮಹಾಶಯನೂ ಬಾಳಿದ ಊರು ಅದು! ಟ್ವೇನ್ ಇದರಿಂದ ಕಂಗೆಡಲಿಲ್ಲ. ಈ ಬಹಿಷ್ಕಾರದಿಂದ ಇನ್ನೂ 25,000 ಪ್ರತಿಗಳು ಖರ್ಚಾಗುತ್ತವೆಂದು ತನ್ನ ಪ್ರಕಾಶಕನಿಗೆ ಸಂತೋಷದಿಂದ ಕಾಗದ ಬರೆದ. ಹದಿಮೂರು ವರ್ಷದ ಹುಡುಗನೊಬ್ಬ ತನ್ನ ಬಾಯಿಂದಲೇ ಹೇಳುವ ಆ ಕಥೆಯನ್ನು ಕುರಿತು ಹದಿಮೂರು ವರ್ಷದ ಓದುಗರು ಏನೆನ್ನುತ್ತಾರೆಂದು ಸಮಿತಿಯವರು ವಿಚಾರಿಸಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಂಥ ವಾತಾವರಣದಲ್ಲಿ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡಿನಲ್ಲಿ ಕೆರೊಲಿನ್ ಹ್ಯೂಯಿನ್ಸ್ ಎಂಬ ಗ್ರಂಥಪಾಲಕಿ ಇದ್ದಳು. ಅವಳು 1875ರಲ್ಲಿ ಕೆಲಸಕ್ಕೆ ಸೇರಿದವಳು. 1882ರಲ್ಲಿ ದೇಶದ 25 ಗ್ರಂಥಾಲಯಗಳಿಗೆ ಕಾಗದ ಬರೆದು, ಹುಡುಗ ಹುಡುಗಿಯರಲ್ಲಿ ಒಳ್ಳೆಯ ಓದಿನ ಪ್ರೀತಿ ಬೆಳೆಸಲು ನೀವೇನು ಮಾಡುತ್ತಿದ್ದೀರಿ ಎಂದು ಕೇಳಿದಳು. ಬಂದ ಉತ್ತರಗಳು ಉತ್ಸಾಹ ಬರಿಸುವಂತಿರಲಿಲ್ಲ. ಹ್ಯೂಯಿನ್ಸಳ ಅಭಿರುಚಿಯೇನೂ ಉದಾರವಾದದ್ದಲ್ಲ. ಅಗ್ಗದ ಸಾಹಸಕಥೆಗಳೆಂದರೆ ಅವಳಿಗೆ ಆಗುತ್ತಿರಲಿಲ್ಲ. ಆದರೂ ಅವಳಲ್ಲಿ ಒಂದು ದೊಡ್ಡ ಗುಣವಿತ್ತು: ಮಕ್ಕಳೊಡನೆ ಕುಳಿತು ಮಾತನಾಡುತ್ತಿದ್ದಳು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ, ಬೇಸಗೆಯಲ್ಲಿ ಶಾಲೆಗಳು ಮುಚ್ಚಿದಾಗ ಅವರನ್ನು ಗ್ರಂಥಾಲಯಕ್ಕೆ ಕರೆದು ಪುಸ್ತಕಗಳ ವಿಷಯ ಹರಟುವ ಪದ್ಧತಿಯನ್ನು ಇಟ್ಟುಕೊಂಡಿದ್ದಳು. ಹರಟುತ್ತಿದ್ದವಳು ಹೆಚ್ಚಾಗಿ ಅವಳೇ ಎನ್ನಿ. ಆದರೂ ಹರಟೆಯೆಂಬುದಕ್ಕೆ ಒಂದು ಸ್ವಭಾವವಿದೆ. ಅದು ಒಂದೇ ಕಡೆಯಿಂದ ಬಹಳ ಹೊತ್ತು ನಡೆಯುವುದಿಲ್ಲ.

1897ರಲ್ಲಿ ಕ್ಲೀವ್‌ಲೆಂಡಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಲಿಂಡಾ ಈಸ್ಟ್‌ಮನ್ ‘ಲೈಬ್ರರಿ ಲೀಗ್’ ಎಂಬ ಮಕ್ಕಳ ಸಂಘವನ್ನು ಆರಂಭಿಸಿದಳು. ಬೇಸಗೆ ಓದಿನ ಯೋಜನೆಗಳ ಮೂಲಪುರುಷರಲ್ಲಿ ಇದನ್ನೂ ಎಣಿಸುವುದು ವಾಡಿಕೆ. ಸಾವಿರಾರು ಮಕ್ಕಳು ಸೇರಿದರು, ಬಿಲ್ಲೆ ಧರಿಸಿದರು. ಸಂಘದ ಧ್ಯೇಯವಾಕ್ಯ ಶುದ್ಧ ಹೃದಯ, ಶುದ್ಧ ಕೈ, ಶುದ್ಧ ಪುಸ್ತಕ ಎಂದು. ಪುಸ್ತಕವೇ ಬಾಯಿಬಿಟ್ಟು ಹುಡುಗನೊಡನೆ ಮಾತನಾಡಿ, ಕೊಳಕು ಕೈಯಿಂದ ನನ್ನನ್ನು ಮುಟ್ಟಬೇಡ, ನನ್ನ ಮೇಲೆ ಗೀಚಬೇಡ ಎಂದು ಬೇಡಿಕೊಳ್ಳುವ ಒಂದು ಓಲೆಗುರುತನ್ನೂ ಅಚ್ಚುಹಾಕಿಸಿ ಹಂಚುತ್ತಿದ್ದರಂತೆ. ನಮ್ಮೂರಿನ ಭಂಡಾರಿಗಳು ಆ ಓಲೆಗುರುತನ್ನು ಕಂಡಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವರನ್ನು ನಾನು ಗೇಲಿ ಮಾಡುತ್ತಿಲ್ಲ. ಬಡ ಬಡಾವಣೆಯ ನೂರು ಮನೆಗಳಿಗೆ ಒಂದು ಪುಸ್ತಕ ಹೋಗಿ ಬರಬೇಕಾದರೆ ಕೈ ತೊಳೆಯುವುದು ಮುಖ್ಯವೇ. ಆದರೆ ಪುಸ್ತಕ ಮಾತನಾಡಿತು, ಹುಡುಗ ಕೇಳಿದ. ಹುಡುಗನ ಮಾತಿಗೆ ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಬೇಸಗೆಯ ಓದಿನ ಸಂಘಗಳು ಊರೂರಿಗೂ ಹಬ್ಬಿದವು. ಗೋಡೆಯ ಮೇಲೆ ಒಂದು ಭೂಪಟ ಅಥವಾ ಏಣಿಯ ಚಿತ್ರ. ಪುಸ್ತಕವೊಂದಕ್ಕೆ ಒಂದು ಮೆಟ್ಟಿಲು. ಗೊತ್ತಾದಷ್ಟು ಪುಸ್ತಕ ಮುಗಿಸಿದವರಿಗೆ ರಜೆಯ ಕೊನೆಯಲ್ಲಿ ಒಂದು ಪ್ರಶಸ್ತಿಪತ್ರ. ಹುಡುಗರು ಮೋಸ ಮಾಡದಿರಲೆಂದು ಬಹಳ ಕಡೆ ಒಂದು ನಿಯಮವನ್ನೂ ಮಾಡಿದರು: ಓದಿದ ಪುಸ್ತಕದ ಸಾರಾಂಶವನ್ನು ಗ್ರಂಥಪಾಲಕಿಯ ಮುಂದೆ ನಿಂತು ಒಪ್ಪಿಸಬೇಕು. ಕಥೆ ಎಲ್ಲಿ ನಡೆಯಿತು, ನಾಯಕ ಯಾರು, ಕೊನೆಗೆ ಏನಾಯಿತು? ಸರಿಯಾಗಿ ಹೇಳಿದರೆ ಒಂದು ನಕ್ಷತ್ರ.

ನಾನು ಅಧ್ಯಾಪಕ. ಈ ನಿಯಮದ ಹಿಂದಿನ ಮನಸ್ಸು ನನಗೆ ಚೆನ್ನಾಗಿ ಗೊತ್ತು. ಹುಡುಗ ಓದಿದ್ದಾನೆಯೆ ಎಂಬುದಕ್ಕೆ ನಮಗೆ ಸಾಕ್ಷಿ ಬೇಕು. ಓದಿದ್ದು ಅವನಿಗೆ ಏನು ಮಾಡಿತೆಂಬುದು ನಮ್ಮ ಅಂಕಪಟ್ಟಿಗೆ ಸೇರಿದ ವಿಷಯವಲ್ಲ. ಸಾರಾಂಶ ಹೇಳುವ ಹುಡುಗ ಪರೀಕ್ಷೆಗೆ ನಿಂತಿರುತ್ತಾನೆ. ಅಭಿಪ್ರಾಯ ಹೇಳುವ ಹುಡುಗ ನಮ್ಮ ಸಮಕ್ಕೆ ಕುಳಿತಿರುತ್ತಾನೆ. ಈ ವ್ಯತ್ಯಾಸ ಮೇಲ್ನೋಟಕ್ಕೆ ಚಿಕ್ಕದು. ಹಾಗಿದ್ದೂ ಅದನ್ನು ದಾಟಲು ಒಂದು ದೊಡ್ಡ ದೇಶದ ದೊಡ್ಡ ಇಲಾಖೆಗಳಿಗೆ ಅಷ್ಟು ಕಾಲ ಹಿಡಿಯಿತು.

ದಾಟಿಸಿದವರು ಬಹುಮಟ್ಟಿಗೆ ಹೆಂಗಸರು. 1925ರಲ್ಲಿ ಕ್ಲೀವ್‌ಲೆಂಡಿನಲ್ಲಿ ಹದಿಹರೆಯದವರಿಗೇ ಮೀಸಲಾದ ಒಂದು ಕೊಠಡಿ ತೆರೆಯಿತು. ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ನನ ಹೆಸರನ್ನು ಅದಕ್ಕಿಟ್ಟರು. ಜೀನ್ ರೂಸ್ ಅದರ ಮೇಲ್ವಿಚಾರಕಿ. ಮಕ್ಕಳ ಕೋಣೆಯ ಗಿಡ್ಡ ಕುರ್ಚಿಗಳಲ್ಲಿ ಮೊಣಕಾಲು ಮಡಿಸಲಾರದೆ, ದೊಡ್ಡವರ ಕೋಣೆಯಲ್ಲಿ ಕಾಲಿಡಲು ಅಂಜಿ, ಗ್ರಂಥಾಲಯಕ್ಕೇ ಶರಣು ಹೊಡೆದು ಹೋಗುತ್ತಿದ್ದ ವಯಸ್ಸಿನವರಿಗೆ ಕೂರಲು ಒಂದು ಜಾಗ ಸಿಕ್ಕಿತು. ನ್ಯೂಯಾರ್ಕಿನಲ್ಲಿ ಮೇಬೆಲ್ ವಿಲಿಯಮ್ಸ್ ಎಂಬಾಕೆ ಇದೇ ವಯಸ್ಸಿನವರ ಕೆಲಸವನ್ನು ಕೈಗೆತ್ತಿಕೊಂಡು, 1929ರಿಂದ ಅವರಿಗಾಗಿ ವರ್ಷವರ್ಷವೂ ಒಂದು ಪುಸ್ತಕಪಟ್ಟಿ ಪ್ರಕಟವಾಗುವಂತೆ ಮಾಡಿದಳು.

ಆದರೆ ಈ ಕಥೆಯ ನಾಯಕಿ ಬೇರೆ. ಮಾರ್ಗರೆಟ್ ಸ್ಕಾಗಿನ್ 1905ರಲ್ಲಿ ಮಿಸೌರಿ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ ಹುಟ್ಟಿದವಳು. 1926ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪದವಿ ಮುಗಿಸಿ, ಬೇಸಗೆಯ ಮಟ್ಟಿಗಿರಲಿ ಎಂದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದಳು. ಆ ಬೇಸಗೆ ನಲವತ್ತು ವರ್ಷ ನಡೆಯಿತು. ಮಧ್ಯೆ ಲಂಡನ್ನಿಗೆ ಹೋಗಿ ಗ್ರಂಥಾಲಯ ಶಾಸ್ತ್ರ ಓದಿ ಬಂದಳು. 1930ರ ದಶಕದಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ವೃತ್ತಿಶಾಲೆಗಳ ಹುಡುಗರ ನಡುವೆ ಕೆಲಸ ಮಾಡಿದಳು. ಬಡಗಿತನ, ಯಂತ್ರ ದುರಸ್ತಿ ಕಲಿಯುವ ಆ ಹುಡುಗರಿಗೆ ಕಾದಂಬರಿಯೆಂದರೆ ಇಂಗ್ಲಿಷ್ ಮೇಷ್ಟರು ಬಲವಂತವಾಗಿ ಕುಡಿಸುವ ಹರಳೆಣ್ಣೆ. ಪುಸ್ತಕ ಹೊಗಳಿ ಅವರನ್ನು ಗೆಲ್ಲುವಂತಿರಲಿಲ್ಲ; ಅವರ ಬಯ್ಗುಳವನ್ನು ಮೊದಲು ಕೇಳಬೇಕಾಗಿತ್ತು.

1941ರಲ್ಲಿ ಮ್ಯಾನ್‌ಹಟನ್ನಿನ ಪೂರ್ವಭಾಗದ 32ನೆಯ ಬೀದಿಯಲ್ಲಿ ನೇಥನ್ ಸ್ಟ್ರಾಸ್ ಶಾಖೆ ತೆರೆಯಿತು. ಮಕ್ಕಳಿಗೂ ಎಳೆಯರಿಗೂ ಮೀಸಲಾದ ಶಾಖೆ. ಇಪ್ಪತ್ತೊಂದು ದಾಟಿದವರಿಗೆ ಅಲ್ಲಿ ಸದಸ್ಯತ್ವವಿಲ್ಲ. (ನಮ್ಮಲ್ಲಿ ಗ್ರಂಥಾಲಯದ ಪತ್ರಿಕೆಗಳ ಮೇಜಿನ ಸುತ್ತ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುವ ನಿವೃತ್ತ ಮಹನೀಯರನ್ನು ನೆನೆದಾಗ ಈ ನಿಯಮದ ಹಿರಿಮೆ ತಿಳಿಯುತ್ತದೆ. ನಾನೂ ಇನ್ನು ಹತ್ತು ಹದಿನೈದು ವರ್ಷಕ್ಕೆ ಅವರನ್ನು ಸೇರುವವನೇ, ಆದ್ದರಿಂದ ಈ ಮಾತನ್ನು ಬೆಳೆಸುವುದಿಲ್ಲ.) ಸ್ಕಾಗಿನ್ ಅದರ ಮುಖ್ಯಸ್ಥೆಯಾದಳು. ಅಲ್ಲಿ ಅವಳು ಹುಡುಗ ಹುಡುಗಿಯರಿಂದಲೇ ಪುಸ್ತಕ ವಿಮರ್ಶೆ ಬರೆಸಿ ಒಂದು ಪತ್ರಿಕೆ ಹೊರಡಿಸಿದಳು. ಅದರ ಹೆಸರು ‘ಬ್ಯಾಕ್ ಟಾಕ್’. ಕನ್ನಡದಲ್ಲಿ ಅದಕ್ಕೆ ‘ಎದುರು ಮಾತು’ ಎನ್ನಬೇಕು. ದೊಡ್ಡವರು ಹುಡುಗರನ್ನು ಗದರಿಸುವಾಗ ಬಳಸುವ ಮಾತನ್ನೇ ಎತ್ತಿಕೊಂಡು ಪತ್ರಿಕೆಗೆ ತಿಲಕವಿಟ್ಟ ಈ ಹೆಣ್ಣಿನ ಧೈರ್ಯವನ್ನೂ ತಮಾಷೆಯನ್ನೂ ನಾನು ಎಷ್ಟು ಮೆಚ್ಚಿದರೂ ಸಾಲದು.

ಅವಳು ಅಲ್ಲಿಗೇ ನಿಲ್ಲಲಿಲ್ಲ. 1940ರ ದಶಕದಲ್ಲಿ ನ್ಯೂಯಾರ್ಕಿನ ಒಂದು ರೇಡಿಯೋ ನಿಲಯದಲ್ಲಿ ‘ಎಳೆಯ ಪುಸ್ತಕ ವಿಮರ್ಶಕರು’ ಎಂಬರ್ಥದ ಕಾರ್ಯಕ್ರಮವನ್ನು ಆರಂಭಿಸಿದಳು. ಹದಿಹರೆಯದ ಕೆಲವರು ಮೈಕಿನ ಮುಂದೆ ಕುಳಿತು ಒಂದು ಪುಸ್ತಕದ ಮೇಲೆ ವಾದಿಸಬೇಕು. ಪುಸ್ತಕ ಬರೆದ ಗ್ರಂಥಕರ್ತರೇ ಎದುರಿಗೆ ಕುಳಿತಿರುವುದೂ ಉಂಟು. ಆ ದೃಶ್ಯವನ್ನು ಊಹಿಸಿಕೊಳ್ಳಿ. ಸನ್ಮಾನ, ಶಾಲು, ಹಾರಗಳಿಗೆ ಒಗ್ಗಿದ ಲೇಖಕನ ಮುಂದೆ ಹದಿನೈದು ವರ್ಷದ ಹುಡುಗಿಯೊಬ್ಬಳು, ನಿಮ್ಮ ನಾಯಕ ಇಷ್ಟು ಒಳ್ಳೆಯವನಾದದ್ದು ನನಗೆ ನಂಬಿಕೆ ಬರಲಿಲ್ಲ ಎನ್ನಬೇಕಾದರೆ! ನಮ್ಮ ಪುಸ್ತಕ ಬಿಡುಗಡೆಯ ಸಮಾರಂಭಗಳಲ್ಲಿ ಇಂಥದೊಂದು ಹತ್ತು ನಿಮಿಷವನ್ನು ಇಡಬಾರದೇಕೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸ್ಟ್ರಾಸ್ ಶಾಖೆಯ ಕೆಲಸ ಮುಂದೆ 53ನೆಯ ಬೀದಿಯಲ್ಲಿ 1955ರಲ್ಲಿ ತೆರೆದ ಡೊನೆಲ್ ಗ್ರಂಥಾಲಯಕ್ಕೆ ಸಾಗಿತು. ಆ ಕಟ್ಟಡವೂ 2008ರಲ್ಲಿ ಬಾಗಿಲು ಮುಚ್ಚಿತು. ಸ್ಕಾಗಿನ್ 1968ರಲ್ಲಿ ತೀರಿಕೊಂಡಳು.

ಅವಳ ಸಮಕಾಲೀನಳಾಗಿ ಬಾಲ್ಟಿಮೋರಿನಲ್ಲಿ ಇನ್ನೊಬ್ಬ ಮಾರ್ಗರೆಟ್ ಇದ್ದಳು, ಮಾರ್ಗರೆಟ್ ಎಡ್ವರ್ಡ್ಸ್. ಇನಾಕ್ ಪ್ರ್ಯಾಟ್ ಗ್ರಂಥಾಲಯದಲ್ಲಿ 1932ರಿಂದ ಮೂವತ್ತು ವರ್ಷ ದುಡಿದವಳು. ಹದಿಹರೆಯದವರೊಡನೆ ಕೆಲಸ ಮಾಡಬೇಕೆಂದು ಬರುವ ತನ್ನ ಸಹಾಯಕರಿಗೆ ಅವಳು ವಿಧಿಸುತ್ತಿದ್ದ ಶಿಕ್ಷಣ ಕಠಿಣವಾದದ್ದು: ಗೊತ್ತುಮಾಡಿದ 300 ಪುಸ್ತಕಗಳನ್ನು ಓದಿ, ಕಂತುಕಂತಾಗಿ ಬಂದು ಅವಳೊಡನೆ ಚರ್ಚಿಸಬೇಕು. ಹುಡುಗರಿಂದ ಸಾರಾಂಶ ಒಪ್ಪಿಸಿಕೊಳ್ಳುತ್ತಿದ್ದ ಹಳೆಯ ಪದ್ಧತಿಯನ್ನು ಅವಳು ತಿರುಗುಮುರುಗಾಗಿ ನಿಲ್ಲಿಸಿದಳು ಎನ್ನಬಹುದು. ಪರೀಕ್ಷೆ ಈಗ ಗ್ರಂಥಪಾಲಕರಿಗೆ. ಎರಡನೆಯ ಮಹಾಯುದ್ಧದ ಕಾಲದ ಬೇಸಗೆಗಳಲ್ಲಿ ಅವಳು ತರಕಾರಿ ಹಣ್ಣು ಮಾರುವವರ ಕುದುರೆಗಾಡಿಯಂಥದೊಂದನ್ನು ಬಾಡಿಗೆಗೆ ಹಿಡಿದು, ಪುಸ್ತಕ ತುಂಬಿಸಿಕೊಂಡು ಬಡವರ ಕೇರಿಗಳಲ್ಲಿ ಸುತ್ತಿದಳು. ಸೆಕೆ ತಾಳಲಾರದೆ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಜನ ಗಾಡಿಯ ಸುತ್ತ ಮುತ್ತಿಕೊಳ್ಳುತ್ತಿದ್ದರು. ಪುಸ್ತಕವನ್ನು ಬೀದಿಯಲ್ಲಿ ನಿಂತು ಕೊಟ್ಟು ತೆಗೆದುಕೊಳ್ಳುವಾಗ ಅಭಿಪ್ರಾಯವೂ ಬೀದಿಯ ಭಾಷೆಯಲ್ಲೇ ಬರುತ್ತದೆ. ಹೂಕೋಸಿನ ಗುಣಾವಗುಣ ಹೇಳಿದಷ್ಟೇ ನೇರವಾಗಿ.

ಕೇಳುವವರು ಹುಟ್ಟಿಕೊಂಡ ಮೇಲೆ ಬರೆಯುವವರೂ ಹುಟ್ಟಿಕೊಂಡದ್ದು ಆಶ್ಚರ್ಯವಲ್ಲ. 1942ರಲ್ಲಿ ಮೊರೀನ್ ಡೇಲಿ ಎಂಬ ತರುಣಿ ‘ಸೆವೆಂಟೀನ್ತ್ ಸಮರ್’ ಎಂಬ ಕಾದಂಬರಿಯನ್ನು ಪ್ರಕಟಿಸಿದಳು. ಅವಳಿನ್ನೂ ಕಾಲೇಜು ಮುಗಿಸಿರಲಿಲ್ಲ. ವಿಸ್ಕಾನ್ಸಿನ್ ಸಂಸ್ಥಾನದ ಒಂದು ಸರೋವರದ ಊರಿನಲ್ಲಿ, ಶಾಲೆ ಮುಗಿದು ಕಾಲೇಜು ಶುರುವಾಗುವ ಮಧ್ಯದ ಒಂದೇ ಬೇಸಗೆಯಲ್ಲಿ, ಹುಡುಗಿಯೊಬ್ಬಳಿಗೆ ಆದ ಮೊದಲ ಪ್ರೇಮದ ಕಥೆ. ಪ್ರಕಾಶಕರು ಅದನ್ನು ದೊಡ್ಡವರ ಪುಸ್ತಕವೆಂದೇ ಹೊರತಂದರು. ಹುಡುಗಿಯರು ಒಬ್ಬರಿಂದೊಬ್ಬರಿಗೆ ಹೇಳಿಕೊಂಡು ಅದನ್ನು ತಮ್ಮದಾಗಿ ಮಾಡಿಕೊಂಡರು. ಅದನ್ನು ಇಂದು ಓದಿದರೆ ಸ್ವಲ್ಪ ಸಪ್ಪೆ. ಪುಟಗಟ್ಟಲೆ ಏನೂ ನಡೆಯುವುದಿಲ್ಲ. ಆದರೆ ಹದಿನೇಳರ ಬೇಸಗೆಯಲ್ಲಿ ಏನೂ ನಡೆಯದಿರುವುದೇ ಒಂದು ದೊಡ್ಡ ಘಟನೆಯಲ್ಲವೆ?

ಇಪ್ಪತ್ತೈದು ವರ್ಷದ ತರುವಾಯ, 1967ರಲ್ಲಿ, ಎಸ್. ಇ. ಹಿಂಟನ್ ಎಂಬ ಹೆಸರಿನಲ್ಲಿ ‘ದಿ ಔಟ್‌ಸೈಡರ್ಸ್’ ಕಾದಂಬರಿ ಹೊರಬಂತು. ಒಕ್ಲಹೋಮಾದ ಟಲ್ಸಾ ನಗರದ ಎರಡು ಹುಡುಗರ ಗುಂಪುಗಳ ಕಾದಾಟದ ಕಥೆ. ಬರೆದವಳು ಒಬ್ಬ ಹುಡುಗಿ, ಬರೆಯುವಾಗ ವಯಸ್ಸು ಹದಿನೈದು ಹದಿನಾರು! ಹುಡುಗರ ಹೊಡೆದಾಟದ ವಿಷಯ ಹೆಣ್ಣಿಗೇನು ಗೊತ್ತು ಎಂದು ವಿಮರ್ಶಕರು ಮೂಗು ಮುರಿದಾರೆಂದು ಹೆಸರನ್ನು ಅಕ್ಷರಗಳಿಗೆ ಮೊಟಕುಗೊಳಿಸಿದ್ದರು. ಎಳೆಯರಿಗಾಗಿ ಎಂದು ದೊಡ್ಡವರು ಬರೆಯುತ್ತಿದ್ದ ಪುಸ್ತಕಗಳಲ್ಲಿ ತಾನು ಕಂಡ ಲೋಕವೇ ಇಲ್ಲವೆಂಬ ಅತೃಪ್ತಿಯಿಂದ ಅವಳು ಬರೆಯಲು ತೊಡಗಿದ್ದು. ಎಂದರೆ ಆ ಕಾದಂಬರಿಯೇ ಒಂದು ವಿಮರ್ಶೆ.

ಆ ಪುಸ್ತಕದ ಮುಂದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬೇಸಗೆ ಯೋಜನೆಗೆ ನೇರವಾಗಿ ಸೇರಿದ್ದಲ್ಲವಾದರೂ ಹೇಳದೆ ಇರಲಾರೆ. 1980ರಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದ ಒಂದು ಶಾಲೆಯ ಗ್ರಂಥಪಾಲಕಿಯೂ ವಿದ್ಯಾರ್ಥಿಗಳೂ ಸೇರಿ ಚಿತ್ರ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರಿಗೆ ಒಂದು ಕಾಗದ ಬರೆದರು. ಈ ಕಾದಂಬರಿ ನಮಗೆ ಬಹಳ ಹಿಡಿಸಿದೆ, ಇದನ್ನು ನೀವು ಚಿತ್ರ ಮಾಡಬೇಕು ಎಂದು ಮಕ್ಕಳೆಲ್ಲ ರುಜು ಹಾಕಿದ್ದರು. ಜೊತೆಗೆ ಪುಸ್ತಕದ ಒಂದು ಪ್ರತಿ. ‘ದಿ ಗಾಡ್‌ಫಾದರ್’ ತೆಗೆದ ಮನುಷ್ಯ ಆ ಕಾಗದಕ್ಕೆ ಮರುಳಾದ. ಚಿತ್ರ 1983ರಲ್ಲಿ ತೆರೆ ಕಂಡಿತು. ಅದನ್ನು ಆ ಶಾಲೆಯ ಮಕ್ಕಳಿಗೂ ಗ್ರಂಥಪಾಲಕಿಗೂ ಅರ್ಪಿಸಲಾಗಿದೆ. ಓದುಗರ ಅಭಿಪ್ರಾಯಕ್ಕೆ ಇಂಥ ಬೆಲೆ ಬಂದ ಉದಾಹರಣೆ ದೊಡ್ಡವರ ಸಾಹಿತ್ಯದಲ್ಲೂ ಹೆಚ್ಚಿಲ್ಲ.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ತೀರ ಕಲಕಿದ ಪ್ರಸಂಗ ಅಮೆರಿಕದಲ್ಲಿ ನಡೆದದ್ದಲ್ಲ, ಜರ್ಮನಿಯಲ್ಲಿ ನಡೆದದ್ದು. ಯೆಲ್ಲಾ ಲೆಪ್‌ಮನ್ 1891ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಯೆಹೂದಿ ಪತ್ರಕರ್ತೆ. ಹಿಟ್ಲರನ ಕಾಲದಲ್ಲಿ ಇಂಗ್ಲೆಂಡಿಗೆ ಓಡಿಹೋಗಿ ಜೀವ ಉಳಿಸಿಕೊಂಡವಳು. ಯುದ್ಧ ಮುಗಿದ ಮೇಲೆ 1945ರಲ್ಲಿ ಅಮೆರಿಕನ್ ಸೈನ್ಯದ ಸಲಹೆಗಾರ್ತಿಯಾಗಿ ತನ್ನನ್ನು ಅಟ್ಟಿದ ದೇಶಕ್ಕೇ ಹಿಂದಿರುಗಿದಳು. ಊರುಗಳು ಇಟ್ಟಿಗೆಯ ರಾಶಿಯಾಗಿದ್ದವು. ಅನ್ನವಿಲ್ಲ, ಸೂರಿಲ್ಲ. ಅಂಥಲ್ಲಿ ಅವಳು ಮಕ್ಕಳ ಪುಸ್ತಕ ಬೇಕೆಂದು ಇಪ್ಪತ್ತು ದೇಶಗಳಿಗೆ ಭಿಕ್ಷಾಪತ್ರ ಬರೆದಳು. 1949ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ನಗರದಲ್ಲಿ ಅಂತರರಾಷ್ಟ್ರೀಯ ಯುವ ಗ್ರಂಥಾಲಯ ತೆರೆಯಿತು. ಅದನ್ನು ಅಣಿಗೊಳಿಸಲು ನ್ಯೂಯಾರ್ಕಿನಿಂದ ಹೋದವಳು ನಮ್ಮ ‘ಎದುರು ಮಾತಿ’ನ ಸ್ಕಾಗಿನ್.

ಅಲ್ಲಿ ಹುಡುಗ ಹುಡುಗಿಯರ ಪುಸ್ತಕ ಚರ್ಚೆಯ ಕೂಟಗಳು ನಡೆದವು. ಇದರ ಅರ್ಥವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ನೋಡಬೇಕು. 1933ರ ಮೇ 10ರಂದು ಆ ದೇಶದ ಊರೂರುಗಳಲ್ಲಿ ಪುಸ್ತಕಗಳನ್ನು ಸುಟ್ಟಿದ್ದರು. ಸುಟ್ಟವರಲ್ಲಿ ಕಾಲೇಜು ವಿದ್ಯಾರ್ಥಿಗಳೇ ಮುಂದಾಳುಗಳು. ಮಕ್ಕಳ ಪ್ರೀತಿಯ ಲೇಖಕ ಎರಿಕ್ ಕೆಸ್ಟ್‌ನರ್ ಬರ್ಲಿನ್ನಿನ ಚೌಕದಲ್ಲಿ ಗುಂಪಿನ ನಡುವೆ ನಿಂತು ತನ್ನ ಪುಸ್ತಕಗಳು ಉರಿಯುವುದನ್ನು ಕಣ್ಣಾರೆ ಕಂಡ. ಅಲ್ಲಿಂದ ಹನ್ನೆರಡು ವರ್ಷ ಎಳೆಯರಿಗೆ ಇದ್ದದ್ದು ಒಂದೇ ಅಭಿಪ್ರಾಯ, ಅದೂ ಅವರದಲ್ಲ. ಅಂಥ ಶಾಲೆಗಳಲ್ಲಿ ಬೆಳೆದವರು 1949ರಲ್ಲಿ ಒಂದು ಮೇಜಿನ ಸುತ್ತ ಕುಳಿತು, ಕಾದಂಬರಿಯೊಂದು ನನಗೆ ಸೇರಿತು, ನನಗೆ ಸೇರಲಿಲ್ಲ ಎಂದು ವಾದಿಸುವುದೆಂದರೆ ಏನು? ಮಾತು ಬಿದ್ದುಹೋದ ರೋಗಿ ಮತ್ತೆ ಅಕ್ಷರ ಕೂಡಿಸುವುದನ್ನು ಕಂಡವರಿಗೆ ಅದು ಅರ್ಥವಾದೀತು. ಕೆಸ್ಟ್‌ನರ್ ಆ ಗ್ರಂಥಾಲಯದ ಆಪ್ತಬಂಧುವಾಗಿದ್ದ.

ಮುಂದಿನ ಕಥೆಯನ್ನು ಬೇಗ ಮುಗಿಸಬಹುದು. 1978ರಲ್ಲಿ ಬಾರ್ಬರಾ ಹೈನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಶಾಲಾಮಕ್ಕಳನ್ನು ಪರಿಶೀಲಿಸಿ ಬರೆದ ಗ್ರಂಥ ಪ್ರಕಟವಾಯಿತು. ರಜೆಯಲ್ಲಿ ಮಕ್ಕಳ ಕಲಿಕೆ ಜಾರದಂತೆ ತಡೆಯುವುದರಲ್ಲಿ ಓದಿಗೆ ಸಮನಾದದ್ದಿಲ್ಲ, ಸಾರ್ವಜನಿಕ ಗ್ರಂಥಾಲಯದಷ್ಟು ನೆರವಾಗುವ ಸಂಸ್ಥೆಯೂ ಇಲ್ಲ ಎಂಬುದು ಅವಳು ಕಂಡುಕೊಂಡ ಸಂಗತಿ. ಗ್ರಂಥಾಲಯಗಳಿಗೆ ಇದರಿಂದ ಬಲ ಬಂತು, ಹಣವೂ ಬಂತು. ಆದರೆ ಹಣದ ಜೊತೆಗೆ ಎಣಿಕೆಯೂ ಬರುತ್ತದೆ. ಎಷ್ಟು ಪುಸ್ತಕ, ಎಷ್ಟು ನಿಮಿಷ, ಎಷ್ಟು ಬಹುಮಾನ ಎಂಬ ಲೆಕ್ಕ ಮತ್ತೆ ಮೇಲಾಯಿತು. ಅದಕ್ಕೆ ಪರಿಹಾರವೋ ಎಂಬಂತೆ 2003ರಲ್ಲಿ ಅಮೆರಿಕನ್ ಗ್ರಂಥಾಲಯ ಸಂಘದ ಯುವ ವಿಭಾಗ ಒಂದು ಹೊಸ ಪಟ್ಟಿ ತಂದಿತು. ವರ್ಷದ ಹತ್ತು ಮೆಚ್ಚಿನ ಪುಸ್ತಕಗಳು. ಹೆಸರು ಸೂಚಿಸುವವರು ಗ್ರಂಥಾಲಯಗಳ ಹದಿಹರೆಯದ ಓದುಗರ ಕೂಟಗಳು, ಮತ ಹಾಕುವವರೂ ಹದಿಹರೆಯದವರೇ. ಆ ಪಟ್ಟಿಗಳಲ್ಲಿ ನಮ್ಮಂಥ ಪಂಡಿತರು ಹುಬ್ಬೇರಿಸುವ ಪುಸ್ತಕಗಳು ಸಾಕಷ್ಟು ಬಂದಿವೆ. ಬರದಿದ್ದರೆ ನಾನು ಮತ ಎಣಿಸಿದವರನ್ನು ಅನುಮಾನಿಸುತ್ತಿದ್ದೆ.

ನಮ್ಮ ನಾಡಿಗೂ ಈ ಚಿಂತನೆ ಪರಕೀಯವೇನಲ್ಲ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಕ್ಕಬೇಕೆಂದು 1931ರಲ್ಲೇ ಸೂತ್ರ ಬರೆದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಮೈಸೂರು ರಾಜ್ಯಕ್ಕೆ 1965ರಲ್ಲಿ ಗ್ರಂಥಾಲಯ ಕಾಯಿದೆ ಬಂತು. 2020ರ ನವೆಂಬರ್‌ನಲ್ಲಿ, ಕೊರೋನಾದ ಕಾರಣ ಶಾಲೆಗಳು ಮುಚ್ಚಿದ್ದಾಗ, ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ ಹಳ್ಳಿಯ ಮಕ್ಕಳು ಆ ಕೋಣೆಗಳ ಹೊಸ್ತಿಲು ದಾಟಿದರು. ಬೇಸಗೆ ಶಿಬಿರಗಳೂ ಈಗ ಅಲ್ಲಲ್ಲಿ ನಡೆಯುತ್ತವೆ. ಕಾಗದದ ಟೋಪಿ ಮಾಡಿಸುತ್ತಾರೆ, ಹಾಡಿಸುತ್ತಾರೆ; ಒಳ್ಳೆಯದೇ.

ಕಳೆದ ಬೇಸಗೆಯಲ್ಲಿ ನಾನು ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಇನ್ನೂರು ಪುಟದ ಒಂದು ನೋಟುಬುಕ್ಕನ್ನು ತೆಗೆದುಕೊಂಡು ಹೋದೆ. ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ಪೆನ್ಸಿಲು ಕಟ್ಟಿ, ಕಾದಂಬರಿಗಳ ಕಪಾಟಿನ ಪಕ್ಕದ ಮೊಳೆಗೆ ತೂಗುಹಾಕಿದೆ. ಓದಿದ ಕಾದಂಬರಿಯ ವಿಷಯ ಹದಿನೆಂಟರೊಳಗಿನವರು ಇದರಲ್ಲಿ ಏನು ಬೇಕಾದರೂ ಬರೆಯಬಹುದೆಂದು ಮೊದಲ ಪುಟದಲ್ಲಿ ಬರೆದೆ. ಹತ್ತು ದಿನ ಯಾರೂ ಬರೆಯಲಿಲ್ಲ. ಒಬ್ಬ ಪುಟ್ಟ ವಿಮಾನದ ಚಿತ್ರ ಬರೆದ. ಹನ್ನೊಂದನೆಯ ದಿನ ಭಂಡಾರದವರು ನನಗೆ ಫೋನು ಮಾಡಿ, ಒಂದು ಹುಡುಗಿ ಏನೋ ಗೀಚಿದ್ದಾಳೆ, ಕಾರಂತರ ಬಗ್ಗೆ, ನೋಡಿ ಬೇಡವೆಂದರೆ ಹಾಳೆ ಹರಿಯುತ್ತೇನೆ ಎಂದರು.

ಹೋಗಿ ನೋಡಿದೆ. ‘ಚೋಮನ ದುಡಿ’ಯನ್ನು ಓದಿ ಬರೆದದ್ದು. ಚೋಮನಿಗೆ ದುಃಖ ಬಂದಾಗಲೆಲ್ಲ ಬಾರಿ­ಸಲು ದುಡಿಯಿದೆ. ಸಾಲ ತೀರಿಸಲು ತೋಟಕ್ಕೆ ಹೋದ ಬೆಳ್ಳಿಗೆ ಏನೂ ಇಲ್ಲ. ಪುಸ್ತಕಕ್ಕೆ ಹೆಸರಿಡುವಾಗಲೂ ಯಾರೂ ಅವಳನ್ನು ಕೇಳಲಿಲ್ಲ. ನನಗೆ ಸಿಟ್ಟು ಬಂತು ಎಂಬುದು ಅವಳ ಮಾತಿನ ತಿರುಳು. ಆರು ಸಾಲು, ಎರಡು ಕಾಗುಣಿತದ ತಪ್ಪು. ಆ ಕಾದಂಬರಿಯನ್ನು ಹದಿನೈದು ವರ್ಷ ಪಾಠ ಮಾಡಿದವನು ನಾನು. ಶೀರ್ಷಿಕೆಯ ಔಚಿತ್ಯವನ್ನು ಕುರಿತು ನಾನು ಬರೆಸಿದ ಟಿಪ್ಪಣಿಯನ್ನು ನೂರಾರು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದಿದ್ದಾರೆ. ಕುರ್ಚಿ ಎಳೆದುಕೊಂಡು ಸ್ವಲ್ಪ ಹೊತ್ತು ಕುಳಿತೆ.

ಹಾಳೆ ಹರಿಯಬೇಡಿ ಎಂದು ಹೇಳಿ ಬಂದೆ. ಎರಡು ದಿನ ಬಿಟ್ಟು ಹೋದಾಗ ಅದರ ಕೆಳಗೆ ಬೇರೊಂದು ಕೈಯ ಬರಹವಿತ್ತು. ನೀನು ಹೇಳುವುದು ತಪ್ಪು, ಬೆಳ್ಳಿಯ ದುಃಖ ಚೋಮನಿಗೆ ಗೊತ್ತಿತ್ತು, ಅದಕ್ಕೇ ಕೊನೆಯಲ್ಲಿ ಅವನು ಹಾಗೆ ಬಾರಿಸಿದ್ದು ಎಂದು ಶುರುವಾಗಿ, ಪುಟದ ಅಂಚಿನವರೆಗೆ ಹೋಗಿ, ಮುಂದಿನ ಪುಟಕ್ಕೆ ತಿರುಗಿತ್ತು. ಪೆನ್ಸಿಲು ಮೊಂಡಾಗಿತ್ತು.